ತನ್ನ ಹೆಸರು ತನಗೇ ಗೊತ್ತಿರದ ಸಾಮ್ರಾಜ್ಯ

ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದ ನಿಧಿಯಲ್ಲಿ ಐದು ಮತ್ತು ಆರನೇ ಶತಮಾನದ ಸಾಲಿಡಸ್ ಎಂಬ ರೋಮನ್ ಚಿನ್ನದ ನಾಣ್ಯಗಳಿವೆ. ವಿದ್ವಾಂಸರು ಅವನ್ನು ‘ಬೈಜಾಂಟೈನ್ ನಾಣ್ಯಗಳು’ ಎನ್ನುತ್ತಾರೆ; ಅಂದರೆ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ರಾಜಧಾನಿಯಾಗಿದ್ದ, ರೋಮನ್ ಸಾಮ್ರಾಜ್ಯದ ಪೂರ್ವಭಾಗದವು. ಆ ಕಾಲದ ಸಾಲಿಡಸ್ ಒಂದನ್ನು ಹತ್ತಿರದಿಂದ ನೋಡಿ. ತೂಕ ಸುಮಾರು 4.5 ಗ್ರಾಂ. ಮುಂಬದಿಯಲ್ಲಿ ಚಕ್ರವರ್ತಿಯ ಮುಖ, ಹಿಂಬದಿಯಲ್ಲಿ ವಿಜಯದೇವತೆ, ಸುತ್ತ ಚಕ್ರವರ್ತಿಗಳ ವಿಜಯವನ್ನು ಸಾರುವ ಲ್ಯಾಟಿನ್ ಅಕ್ಷರಗಳು. ಕೆಳಗೆ ‘ಕೊನೊಬ್’ ಎಂಬ ಗುರುತು: ಕಾನ್‌ಸ್ಟಾಂಟಿನೋಪಲ್‌ನ ಅಪ್ಪಟ ಚಿನ್ನ ಎಂದರ್ಥ. ಬೈಜಾಂಟಿಯಮ್ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. 1453ರಲ್ಲಿ ಆ ಸಾಮ್ರಾಜ್ಯ ಮುಗಿಯುವವರೆಗೂ ಅದರ ಒಬ್ಬ ಚಕ್ರವರ್ತಿಯೂ ತನ್ನನ್ನು ‘ಬೈಜಾಂಟೈನರ ಚಕ್ರವರ್ತಿ’ ಎಂದು ಕರೆದುಕೊಳ್ಳಲಿಲ್ಲ.

ಬೈಜಾಂಟಿಯಮ್ ಬೋಸ್ಫೊರಸ್ ಜಲಸಂಧಿಯ ದಡದ ಹಳೆಯ ಗ್ರೀಕ್ ಊರು. ರೋಮನ್ ಚಕ್ರವರ್ತಿ ಕಾನ್‌ಸ್ಟಾಂಟೀನ್ ಅದನ್ನು ಹೊಸದಾಗಿ ಕಟ್ಟಿಸಿ, 330ರ ಮೇ 11ರಂದು ತನ್ನ ಹೆಸರಿನ ರಾಜಧಾನಿಯಾಗಿ ಉದ್ಘಾಟಿಸಿದ. ಆಮೇಲೆ ಹಳೆಯ ಹೆಸರು ಪಂಡಿತರ ಬರವಣಿಗೆಯಲ್ಲಿ ಉಳಿಯಿತು, ಅದೂ ಆ ಒಂದು ನಗರಕ್ಕೆ ಮತ್ತು ಅಲ್ಲಿನ ನಿವಾಸಿಗಳಿಗೆ. ಜನರ ಬಾಯಲ್ಲಿ ದೇಶ ‘ರೊಮೇನಿಯಾ’, ತಾವು ‘ರೋಮೈಯೋಯ್’, ಅಂದರೆ ರೋಮನ್ನರು. ಇದು ಬರೀ ಜಂಬವಲ್ಲ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲಾ ಸಾಮ್ರಾಜ್ಯದ ಬಹುಪಾಲು ಎಲ್ಲ ಸ್ವತಂತ್ರ ಪ್ರಜೆಗಳಿಗೂ ರೋಮನ್ ಪೌರತ್ವ ಕೊಟ್ಟಿದ್ದ. ಗ್ರೀಕ್ ಆಡುತ್ತಿದ್ದವರು ಅಂದಿನಿಂದ ಕಾನೂನಿನ ಪ್ರಕಾರವೇ ರೋಮನ್ನರು. ಆಡಳಿತದ ಲ್ಯಾಟಿನ್ ಕ್ರಮೇಣ ಹಿಂದೆ ಸರಿದು ಗ್ರೀಕ್ ಮುಂದೆ ಬಂದಾಗಲೂ ಹೆಸರು ಬದಲಾಗಲಿಲ್ಲ. ಭಾಷೆ ಬೇರೆಯಾದರೆ ರಾಷ್ಟ್ರವೇ ಬೇರೆ ಎಂಬ ಲೆಕ್ಕ ಇತ್ತೀಚಿನದು.

ತಕರಾರು ತೆಗೆದದ್ದು ಪಶ್ಚಿಮ. 800ರ ಕ್ರಿಸ್‌ಮಸ್ ದಿನ ಪೋಪ್ ಫ್ರಾಂಕರ ದೊರೆ ಶಾರ್ಲಮೇನ್‌ನ ತಲೆಗೆ ಕಿರೀಟವಿಟ್ಟು ರೋಮನ್ ಚಕ್ರವರ್ತಿ ಎಂದ. ಒಂದು ಬಿರುದು, ಇಬ್ಬರು ವಾರಸುದಾರರು. ಇನ್ನೊಬ್ಬನನ್ನು ‘ಗ್ರೀಕರ ರಾಜ’ ಎಂದು ಇಳಿಸಿಬಿಡುವುದು ಪಶ್ಚಿಮ ಕಂಡುಕೊಂಡ ಸುಲಭದ ದಾರಿ.

ಇದು ಎಷ್ಟು ಚುಚ್ಚುತ್ತಿತ್ತು ಎಂಬುದಕ್ಕೆ 968ರ ಒಂದು ಪ್ರಸಂಗ ಸಾಕು. ಜರ್ಮನ್ ದೊರೆ ಒಟ್ಟೋನ ರಾಯಭಾರಿಯಾಗಿ ಕ್ರೆಮೋನಾದ ಬಿಷಪ್ ಲಿಯುಟ್‌ಪ್ರಾಂಡ್ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿದ್ದ. ಮದುವೆ ಸಂಬಂಧದ ಮಾತುಕತೆ ಮೊದಲೇ ಹದಗೆಟ್ಟಿತ್ತು. ಅಷ್ಟರಲ್ಲಿ ಪೋಪ್‌ನ ದೂತರು ಒಂದು ಪತ್ರ ತಂದರು. ಅದರಲ್ಲಿ ಒಟ್ಟೋ ‘ರೋಮನ್ನರ ಚಕ್ರವರ್ತಿ’, ಅಲ್ಲಿನ ನಿಕೆಫೊರೊಸ್ ಫೋಕಾಸ್ ಬರೀ ‘ಗ್ರೀಕರ ಚಕ್ರವರ್ತಿ’. ಆಸ್ಥಾನ ಕೆರಳಿತು, ದೂತರು ಸೆರೆಮನೆಗೆ ಹೋದರು. ಲಿಯುಟ್‌ಪ್ರಾಂಡ್ ಕೊಟ್ಟ ಸಮಜಾಯಿಷಿ ತುಂಟತನದ್ದು: ನೀವು ಭಾಷೆ, ನಡೆ, ಉಡುಪು ಎಲ್ಲ ಬದಲಿಸಿದ್ದೀರಲ್ಲ, ರೋಮನ್ ಎಂಬ ಹೆಸರೂ ನಿಮಗೆ ಬೇಡವಾಗಿರಬಹುದು ಎಂದು ಪೋಪ್ ಭಾವಿಸಿದ್ದಾರೆ! (ಇದೆಲ್ಲ ಅವನೇ ಬರೆದ ವರದಿಯಲ್ಲಿದೆ. ಸಿಟ್ಟಿನಲ್ಲಿ ಬರೆದದ್ದು, ಆ ಎಚ್ಚರದಲ್ಲೇ ಓದಬೇಕು.)

ಪೂರ್ವದ ನೆರೆಹೊರೆಗೆ ಈ ಗೊಂದಲವೇ ಇರಲಿಲ್ಲ. ಅರಬರಿಗೆ ಅದು ‘ರೂಮ್’, ಅಂದರೆ ರೋಮ್. ಕುರಾನ್‌ನ 30ನೇ ಅಧ್ಯಾಯದ ಹೆಸರೂ ಅದೇ. ಅನಟೋಲಿಯಾ ಗೆದ್ದ ತುರ್ಕರ ರಾಜ್ಯ ರೂಮ್ ಸಲ್ತನತ್ ಆಯಿತು, ಅಲ್ಲಿ ಬಾಳಿದ ಕವಿ ಜಲಾಲುದ್ದೀನ್ ರೂಮಿಯಾದ. 1453ರಲ್ಲಿ ರಾಜಧಾನಿಯನ್ನು ಗೆದ್ದ ಒಟ್ಟೋಮನ್ ಸುಲ್ತಾನ ಎರಡನೇ ಮೆಹಮದ್ ಕೂಡ ‘ರೂಮ್‌ನ ಕೈಸರ್’ (ಸೀಸರ್) ಎಂಬ ಬಿರುದು ಧರಿಸಿದ.

ಹಾಗಾದರೆ ‘ಬೈಜಾಂಟೈನ್’ ಬಂದದ್ದು ಎಲ್ಲಿಂದ? ಸಾಮ್ರಾಜ್ಯ ಬಿದ್ದ ಮೇಲೆ, ಅದೂ ಗ್ರಂಥಾಲಯದಿಂದ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಫುಗ್ಗರ್ ಎಂಬ ಸಿರಿವಂತ ವರ್ತಕ ಮನೆತನದ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದ ವಿದ್ವಾಂಸ ಹೀರೋನಿಮಸ್ ವೋಲ್ಫ್ 1557ರಲ್ಲಿ ಆ ನಾಡಿನ ಇತಿಹಾಸಕಾರರ ಗ್ರಂಥಗಳನ್ನು ಪ್ರಕಟಿಸುವಾಗ ಈ ಹೆಸರು ಬಳಸಿದ. ಇದರಲ್ಲಿ ಪಿತೂರಿ ಹುಡುಕುವುದು ಅನ್ಯಾಯ. 15ನೇ ಶತಮಾನದ ಗ್ರೀಕ್ ಇತಿಹಾಸಕಾರ ಲವೋನಿಕೊಸ್ ಖಾಲ್ಕೊಕೊಂಡಿಲೆಸ್ ಆಗಲೇ ಚಕ್ರವರ್ತಿಗಳನ್ನು ಬೈಜಾಂಟಿಯಮ್‌ಗೆ ಜೋಡಿಸಿ ಬರೆದಿದ್ದ. ಆದರೂ ಜರ್ಮನಿಯಲ್ಲೇ ‘ಪವಿತ್ರ ರೋಮನ್ ಸಾಮ್ರಾಜ್ಯ’ ಆಳುತ್ತಿದ್ದ ಕಾಲದಲ್ಲಿ ಇನ್ನೊಂದು ರೋಮ್ ಇಲ್ಲದಂತೆ ಮಾಡುವ ಹೆಸರು ಯಾರಿಗೂ ತೊಡಕಾಗಲಿಲ್ಲ ಎಂಬುದನ್ನು ಮರೆಯಲಾಗದು. 1648ರಿಂದ ಪ್ಯಾರಿಸ್‌ನಲ್ಲಿ ಅಚ್ಚಾದ ದೊಡ್ಡ ಗ್ರಂಥಮಾಲೆ ಅದಕ್ಕೆ ಪಾಂಡಿತ್ಯದ ಮುದ್ರೆ ಒತ್ತಿತು.

ಸಾಮಾನ್ಯ ಓದುಗರಿಗೆ ಮಾತ್ರ ಅದು ಬಹುಕಾಲ ‘ಗ್ರೀಕ್ ಸಾಮ್ರಾಜ್ಯ’ವೇ. 19ನೇ ಶತಮಾನದಲ್ಲಿ ಸ್ವತಂತ್ರ ಗ್ರೀಸ್ ತಲೆಯೆತ್ತಿ ಕಾನ್‌ಸ್ಟಾಂಟಿನೋಪಲ್‌ನ ಕನಸು ಕಾಣತೊಡಗಿದಾಗ ಆ ಹೆಸರಿಗೆ ರಾಜಕೀಯ ಅಂಟಿತು, ‘ಬೈಜಾಂಟೈನ್’ ಗೆದ್ದದ್ದು ಆಗ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ನನಗೂ ಅದು ಸರಿಯೆನಿಸುತ್ತದೆ.

ಜನ ತಮ್ಮನ್ನು ಕರೆದುಕೊಳ್ಳುತ್ತಿದ್ದ ಹಳೆಯ ಹೆಸರು ಹಳ್ಳಿಗಳಲ್ಲಿ ಇನ್ನೂ ಬದುಕಿತ್ತು. 1912ರಲ್ಲಿ ಗ್ರೀಕ್ ನೌಕಾಪಡೆ ಲೆಮ್ನೊಸ್ ದ್ವೀಪವನ್ನು ತುರ್ಕರಿಂದ ವಶಪಡಿಸಿಕೊಂಡಾಗ ಮಕ್ಕಳು ಸೈನಿಕರನ್ನು ನೋಡಲು ಓಡಿಬಂದರಂತೆ. ಏನು ನೋಡುತ್ತಿದ್ದೀರಿ ಎಂದು ಒಬ್ಬ ಸೈನಿಕ ಕೇಳಿದ. ‘ಹೆಲೆನರನ್ನು’ (ಅಂದರೆ ಗ್ರೀಕರನ್ನು) ಎಂದರು ಮಕ್ಕಳು. ನೀವೂ ಹೆಲೆನರೇ ಅಲ್ಲವೇ ಎಂದರೆ, ‘ಅಲ್ಲ, ನಾವು ರೋಮನ್ನರು’ ಎಂಬ ಉತ್ತರ. ಆ ದ್ವೀಪದಲ್ಲೇ ಹುಟ್ಟಿ ಮುಂದೆ ಅಮೆರಿಕದಲ್ಲಿ ಇತಿಹಾಸಕಾರರಾದ ಪೀಟರ್ ಖರಾನಿಸ್ ಹೇಳಿದ ಸಂಗತಿ ಇದು.

ಈಗ ಹಲವು ವಿದ್ವಾಂಸರು ‘ಪೂರ್ವ ರೋಮನ್’ ಎನ್ನುತ್ತಿದ್ದಾರೆ. ಮೇಲು, ಆದರೆ ಆ ಜನ ತಮ್ಮನ್ನು ‘ಪೂರ್ವ’ದವರು ಎಂದುಕೊಂಡವರಲ್ಲ. ಅವರದೇ ‘ರೊಮೇನಿಯಾ’ ಬಳಸೋಣವೆಂದರೆ, ಅದನ್ನು 19ನೇ ಶತಮಾನದಲ್ಲಿ ಡ್ಯಾನ್ಯೂಬ್ ದಡದ ಇನ್ನೊಂದು ದೇಶ ತನ್ನದಾಗಿಸಿಕೊಂಡಿದೆ.