ಜೀನ್ ಇದ್ದರೆ ಸಾಕೇ? ಹೊಗೆಸೊಪ್ಪಿನ ಎಲೆ ಹೇಳುವುದೇ ಬೇರೆ

ರೋಗ ತಡೆಯುವ ಜೀನ್ ಗಿಡದಲ್ಲಿದ್ದರೆ ಮುಗೀತು, ಇನ್ನು ರೋಗ ಬರಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಸಸ್ಯರೋಗಗಳ ಕೆಲಸದಲ್ಲಿರುವ ನಾನು ಈ ಮಾತು ಕೇಳಿದಾಗಲೆಲ್ಲ ಹೊಗೆಸೊಪ್ಪಿನ ಎನ್ ಜೀನಿನ ಕಥೆ ಹೇಳುತ್ತೇನೆ.

ಮೊಸಾಯಿಕ್ ವೈರಸ್ ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಹೊಸದಲ್ಲ. ಎಲೆ ತುಂಬಾ ತಿಳಿ ಹಸಿರು, ಕಡು ಹಸಿರು ಮಚ್ಚೆ. ಗಿಡ ಮುಟ್ಟಿದ ಕೈಯಿಂದಲೇ ಇನ್ನೊಂದು ಗಿಡಕ್ಕೆ ಅಂಟುತ್ತದೆ. ಎನ್ ಜೀನ್ ಇರುವ ಗಿಡದಲ್ಲಿ ಹಾಗಾಗುವುದಿಲ್ಲ. ರೋಗದ ಎಲೆಯ ರಸವನ್ನು ಅದರ ಎಲೆಗೆ ಮೆಲ್ಲಗೆ ಉಜ್ಜಿ, ಎರಡು ದಿನ ಬಿಟ್ಟು ನೋಡಿ. ಉಜ್ಜಿದ ಕಡೆ ಸಣ್ಣ ಸಣ್ಣ ಕಂದು ಚುಕ್ಕೆಗಳು ಎದ್ದಿರುತ್ತವೆ. ವೈರಸ್ ಹೊಕ್ಕ ಜೀವಕೋಶಗಳನ್ನು ಗಿಡವೇ ಸಾಯಿಸಿ, ವೈರಸ್ಸನ್ನು ಅಲ್ಲೇ ಕಟ್ಟಿಹಾಕಿರುತ್ತದೆ. ಮಿಕ್ಕ ಎಲೆ ಹಸಿರಾಗಿಯೇ ಇರುತ್ತದೆ.

ಈ ಜೀನ್ ಬಂದದ್ದು ನಿಕೋಟಿಯಾನಾ ಗ್ಲುಟಿನೋಸಾ ಎಂಬ ಕಾಡು ಜಾತಿಯಿಂದ. ಬಾರ್ಬರಾ ಬೇಕರ್ ಅವರ ತಂಡ 1994ರಲ್ಲಿ ಅದನ್ನು ಬೇರ್ಪಡಿಸಿತು. ಆ ಜೀನ್ ಹೇಗೆ ಕೆಲಸ ಮಾಡುತ್ತದೆ ಅಂತ ದಿನೇಶ್ ಕುಮಾರ್ ಮತ್ತು ಬೇಕರ್ 2000ದಲ್ಲಿ ಪ್ರಕಟಿಸಿದ ಕೆಲಸ ನನಗೆ ಇನ್ನೂ ಮುಖ್ಯ.

ಜೀನಿನಿಂದ ಮೊದಲು ಉದ್ದನೆಯ ಆರ್‌ಎನ್‌ಎ ನಕಲು ತಯಾರಾಗುತ್ತದೆ. ಅದರಲ್ಲಿನ ಇಂಟ್ರಾನ್‌ಗಳನ್ನು ಜೀವಕೋಶ ಕತ್ತರಿಸಿ ತೆಗೆದು, ಎಕ್ಸಾನ್‌ಗಳನ್ನು ಜೋಡಿಸುತ್ತದೆ. ಇದೇ ಸ್ಪ್ಲೈಸಿಂಗ್. ಎನ್ ಜೀನಿನ ಮೂರನೇ ಇಂಟ್ರಾನಿನೊಳಗೆ 70 ಅಕ್ಷರಗಳ ಒಂದು ತುಂಡಿದೆ. ಅದನ್ನು ಬಿಟ್ಟು ಜೋಡಿಸಿದರೆ 1,144 ಅಮೈನೋ ಆಮ್ಲಗಳ ಪೂರ್ತಿ ಪ್ರೋಟೀನ್ ಸಿಗುತ್ತದೆ. ಸೇರಿಸಿಕೊಂಡರೆ? ಆರ್‌ಎನ್‌ಎಯನ್ನು ಓದುವುದು ಮೂರು ಮೂರು ಅಕ್ಷರವಾಗಿ. 70 ಮೂರರಿಂದ ಭಾಗವಾಗುವುದಿಲ್ಲ. ಅಲ್ಲಿಂದ ಲೆಕ್ಕ ತಪ್ಪಿ, 652ಕ್ಕೇ ನಿಂತ ಮೊಟಕು ಪ್ರೋಟೀನ್ ಬರುತ್ತದೆ.

ಮೊಟಕಾದದ್ದು ಅಂದ ಕೂಡಲೇ ಕೆಟ್ಟುಹೋದದ್ದು ಅನ್ನಿಸುತ್ತೆ, ಅಲ್ವಾ? ಹಾಗಲ್ಲ. ವೈರಸ್ ತಗುಲಿದ ಮೊದಲ ಮೂರು ಗಂಟೆ ಪೂರ್ತಿ ಪ್ರೋಟೀನಿನ ಆರ್‌ಎನ್‌ಎಯೇ ಜಾಸ್ತಿ ಇರುತ್ತದೆ. ನಾಲ್ಕರಿಂದ ಎಂಟನೇ ಗಂಟೆಯೊಳಗೆ ಮೊಟಕು ಪ್ರೋಟೀನಿನದು ಮೇಲುಗೈ ಆಗುತ್ತದೆ. ಪೂರ್ತಿ ಪ್ರೋಟೀನ್ ಮಾತ್ರ ಮಾಡಬಲ್ಲ ಜೀನಿನ ನಕಲನ್ನು ಗಿಡಕ್ಕೆ ಸೇರಿಸಿದಾಗ ರೋಗ ಪೂರ್ತಿ ನಿಲ್ಲಲಿಲ್ಲ. ಎರಡನ್ನೂ ಸಮಸಮ ಕೊಟ್ಟರೂ ಸಾಲಲಿಲ್ಲ. ಮೂರನೇ ಇಂಟ್ರಾನನ್ನೂ ಜೀನಿನ ಕೊನೆಯ ಭಾಗವನ್ನೂ ಉಳಿಸಿಕೊಂಡಾಗ ಮಾತ್ರ ಗಿಡ ಪೂರ್ತಿ ತಡೆದುಕೊಂಡಿತು. ಅಂದರೆ ಎರಡರ ಪ್ರಮಾಣ ಹೊತ್ತಿಗೆ ತಕ್ಕಂತೆ ಬದಲಾಗಬೇಕು. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ರೋಗ ತಡೆಯುವ ಆರ್‌ಪಿಎಸ್4 ಜೀನಿಗೂ ಹೀಗೆ ಬೇರೆ ಬೇರೆ ಜೋಡಣೆ ಬೇಕೇ ಬೇಕು.

ಈ ಗುಟ್ಟು ರೋಗಾಣುಗಳ ಕೈಗೂ ಸಿಕ್ಕಿದೆ. ಸೋಯಾ ಅವರೆಯ ಬೇರು, ಕಾಂಡ ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣು ಒಂದು ಪ್ರೋಟೀನನ್ನು ಗಿಡದ ಜೀವಕೋಶದೊಳಕ್ಕೆ ಬಿಡುತ್ತದೆ. ಅದು ಸ್ಪ್ಲೈಸಿಂಗ್ ನೋಡಿಕೊಳ್ಳುವ ಗಿಡದ ಪ್ರೋಟೀನಿಗೇ ಅಂಟಿಕೊಂಡು ಜೋಡಣೆಯ ದಿಕ್ಕು ತಪ್ಪಿಸುತ್ತದೆ. ಜೀನ್‌ಗಳೆಲ್ಲ ಸರಿಯಾಗಿಯೇ ಇರುತ್ತವೆ, ಗಿಡ ಮಾತ್ರ ಸೋಲುತ್ತದೆ.

ಆದ್ದರಿಂದ ತಳಿ ಪರೀಕ್ಷೆಯಲ್ಲಿ ಡಿಎನ್‌ಎ ನೋಡಿ ಜೀನ್ ಇದೆ ಅಂತ ಬರೆದುಕೊಟ್ಟರೆ ನಾನು ಒಪ್ಪುವುದಿಲ್ಲ. ರೋಗಾಣು ತಗುಲಿಸುವ ಮುಂಚೆ ಒಮ್ಮೆ, ತಗುಲಿಸಿದ ಮೇಲೆ ಗಂಟೆಗಳ ಅಂತರದಲ್ಲಿ ಕೆಲವು ಸಲ ಎಲೆ ತೆಗೆದು, ಯಾವ ಆರ್‌ಎನ್‌ಎ ಎಷ್ಟಿದೆ ಅಂತ ನೋಡಲೇಬೇಕು. ಖರ್ಚು ಜಾಸ್ತಿ, ನಿಜ. ಆದರೆ ಈ ತಳಿ ರೋಗ ತಡೆಯುತ್ತದೆ ಅಂತ ರೈತರಿಗೆ ಹೇಳುವವರು ನಾವೇ ತಾನೇ.