ದುಡ್ಡು ಕೊಟ್ಟು ತಗೊಂಡ ಆಡ್-ಆನ್ ವಿಮಾನ ಯಾಕೆ ಹಿಂಗಾಡುತ್ತೆ?

ಪ್ರಶ್ನೆ: ಸರ್, ಮನೆ ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ಗೆ (ಸಿಮ್) ಆರು ಸಾವಿರ ಚಿಲ್ಲರೆ ಕೊಟ್ಟು ಏರ್‌ಬಸ್ ಎ320 ಆಡ್-ಆನ್, ಅಂದ್ರೆ ಸಿಮ್‌ಗೆ ಬೇರೆಯಾಗಿ ಸೇರಿಸೋ ವಿಮಾನ, ತಗೊಂಡೆ. ನೋಡೋಕೆ ಸಖತ್ತಾಗಿದೆ, ಆದ್ರೆ ಲ್ಯಾಂಡಿಂಗ್ ಹತ್ರ ಬಂದಾಗ ಮೂಗು ತಾನಾಗೇ ಕೆಳಗೆ ಹೋಗುತ್ತೆ, ಟ್ಯಾಕ್ಸಿ ಮಾಡುವಾಗ, ಅಂದ್ರೆ ನೆಲದ ಮೇಲೆ ಓಡಿಸುವಾಗ, ಚಕ್ರ ನೆಲಕ್ಕೆ ಅಂಟಿದ್ಯೋ ಜಾರ್ತಿದ್ಯೋ ಗೊತ್ತಾಗಲ್ಲ, ಕೆಲವೊಂದು ಏರ್‌ಪೋರ್ಟ್ ಹತ್ರ ಆಟೊಪೈಲಟ್ ಹಾಕಿದ್ರೂ ಓಲಾಡುತ್ತೆ. ಇದು ಬಗ್ಗಾ, ನನ್ನ ಸೆಟಪ್ ತಪ್ಪಾ, ಇಲ್ಲಾ ನಿಜವಾದ ವಿಮಾನಾನೂ ಹಿಂಗೇನಾ?

ಉತ್ತರ: ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರ್ತಾನೇ ಇರುತ್ತೆ, ಇವತ್ತು ಸ್ವಲ್ಪ ಕೂತು ಬರೀತೀನಿ, ಯಾಕಂದ್ರೆ ನಿಮ್ಮ ಮೂರು ದೂರಿಗೂ ಉತ್ತರ ಬೇರೆ ಬೇರೆ. ಮೊದಲನೇದು ನಿಜವಾದ ವಿಮಾನದ ಸ್ವಭಾವ. ಎರಡನೇದು ಆಡ್-ಆನ್ ಮಾಡಿದವರ ತಪ್ಪಿಗಿಂತ ಹೆಚ್ಚಾಗಿ ಸಿಮ್‌ದೇ ಸಮಸ್ಯೆ. ಮೂರನೇದು ಇವೆರಡು ಸೇರೋ ಜಾಗದಲ್ಲಿ ಹುಟ್ಟೋ ತೊಂದ್ರೆ, ನನ್ನ ಪ್ರಕಾರ ಆಡ್-ಆನ್ ವಿಮಾನಗಳ ಅರ್ಧಕ್ಕರ್ಧ ಕಾಯಿಲೆ ಹುಟ್ಟೋದೇ ಅಲ್ಲಿ.

ಮೂಗು ಕೆಳಗೆ ಹೋಗೋ ವಿಷ್ಯ ಮೊದ್ಲು. ಎ320 ನೆಲದಿಂದ 50 ಅಡಿ ಎತ್ತರಕ್ಕೆ ಬಂದಾಗ ಅದರ ಕಂಪ್ಯೂಟರ್ ಫ್ಲೇರ್ ಮೋಡ್‌ಗೆ, ಅಂದ್ರೆ ನೆಲ ಮುಟ್ಟೋ ಮುಂಚೆ ಮೂಗೆತ್ತೋ ಹಂತದ ಮೋಡ್‌ಗೆ, ಹೋಗುತ್ತೆ, ಆ ಕ್ಷಣದಲ್ಲಿ ಮೂಗು ಎಷ್ಟು ಎತ್ತರಕ್ಕಿದೆ ಅಂತ ನೆನಪಿಟ್ಕೊಳುತ್ತೆ, ಆಮೇಲೆ 30 ಅಡಿಯಿಂದ ಮೂಗನ್ನ ನಿಧಾನಕ್ಕೆ ಕೆಳಗೆ ಇಳಿಸೋಕೆ ಶುರು ಮಾಡುತ್ತೆ, 8 ಸೆಕೆಂಡಲ್ಲಿ 2 ಡಿಗ್ರಿ ಕೆಳಗೆ ಅನ್ನೋ ಲೆಕ್ಕ. ಏರ್‌ಬಸ್‌ನವರು ಇದನ್ನ ಬೇಕಂತಲೇ ಹಿಂಗೆ ಮಾಡಿದ್ದಾರೆ, ಪೈಲಟ್ ಬೇರೆ ವಿಮಾನದಲ್ಲಿ ಎಳೆಯೋ ಹಾಗೇ ಸೈಡ್‌ಸ್ಟಿಕ್ (ಪಕ್ಕದಲ್ಲಿರೋ ಹಾರಿಸೋ ಕೋಲು) ಹಿಂದಕ್ಕೆ ಎಳೀಬೇಕು, ಸುಮ್ನೆ ಬಿಟ್ರೆ ವಿಮಾನ ತಾನಾಗೇ ಕೂರಬಾರದು ಅಂತ. ಅಂದ್ರೆ ನಿಮ್ಮ ಆಡ್-ಆನ್ ಸರಿಯಾಗೇ ಇದೆ, ಮೂಗು ಇಳೀಲಿಲ್ಲ ಅಂದಿದ್ರೆ ಆಗ ದೂರು ಕೊಡ್ಬೇಕಿತ್ತು.

ಇಂಥವು ಇನ್ನೂ ಇವೆ. ಎ320ಯಲ್ಲಿ ಎರಡನೇ ಎಂಜಿನ್ ಸ್ಟಾರ್ಟ್ ಮಾಡ್ದಾಗ ನಾಯಿ ಬೊಗಳಿದ ಹಾಗೆ, ಇಲ್ಲಾ ಗರಗಸ ಎಳೆದ ಹಾಗೆ ಸದ್ದು ಬರುತ್ತಲ್ಲ, ಅದನ್ನ ಸೌಂಡ್ ಫೈಲ್ ಹಾಳಾಗಿದೆ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಅದು ಪಿಟಿಯು, ಅಂದ್ರೆ ಒಂದು ಹೈಡ್ರಾಲಿಕ್ ಲೈನಿನ ಶಕ್ತಿಯನ್ನ ಇನ್ನೊಂದಕ್ಕೆ ದಾಟಿಸೋ ಘಟಕ, ಆ ಹೊತ್ತಿಗೆ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳುತ್ತೆ. ಬೆಂಗಳೂರಿಂದ ಇಂಡಿಗೋ ಎ320ಯಲ್ಲಿ ರೆಕ್ಕೆ ಹತ್ರದ ಸೀಟಲ್ಲಿ ಕೂತು ಹೋಗಿದ್ರೆ ಕೇಳೇ ಇರ್ತೀರ. ಮೈಸೂರು, ಬೆಳಗಾವಿ ಕಡೆ ಹಾರಿರೋ ಎಟಿಆರ್ ತಗೊಳ್ಳಿ, ಅದರಲ್ಲಿ ಎಪಿಯು, ಅಂದ್ರೆ ನೆಲದ ಮೇಲೆ ಕರೆಂಟು, ಗಾಳಿ ಕೊಡೋ ಪುಟ್ಟ ಎಂಜಿನ್, ಇರಲ್ಲ, ಹಾಗಾಗಿ ನೆಲದ ಮೇಲೆ ಬಲಗಡೆ ಎಂಜಿನ್ನನ್ನೇ ಓಡಿಸಿ ಪ್ರೊಪೆಲ್ಲರ್‌ಗೆ ಮಾತ್ರ ಬ್ರೇಕ್ ಹಾಕಿ ನಿಲ್ಲಿಸ್ತಾರೆ, ಹೋಟೆಲ್ ಮೋಡ್ ಅಂತಾರೆ. ಎಂಜಿನ್ ಓಡ್ತಿದೆ, ಪಂಖ ತಿರುಗ್ತಿಲ್ಲ, ಅನಿಮೇಷನ್ ಕೆಟ್ಟೋಗಿದೆ ಅಂತ ದೂರು ಬರುತ್ತೆ, ಆದ್ರೆ ಅದೇ ಸರಿ. ಬೋಯಿಂಗ್ 737ರ ಐಆರ್‌ಎಸ್ (ವಿಮಾನ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅಂತ ಲೆಕ್ಕ ಹಾಕೋ ಉಪಕರಣ) ಅಲೈನ್ ಆಗೋಕೆ, ಅಂದ್ರೆ ದಿಕ್ಕು ಹೊಂದಿಸ್ಕೊಳೋಕೆ, ಒಂದೊಂದು ಊರಲ್ಲಿ ಒಂದೊಂದು ಟೈಮ್ ತಗೊಳ್ಳೋದೂ ಅಷ್ಟೇ, ಅದು ಭೂಮಿ ತಿರುಗೋದನ್ನ ಗ್ರಹಿಸಿ ಉತ್ತರ ಯಾವ ಕಡೆ ಅಂತ ಕಂಡುಹಿಡಿಯುತ್ತೆ, ಸಮಭಾಜಕ ವೃತ್ತದ ಹತ್ರ ಬೇಗ ಆಗುತ್ತೆ, ಧ್ರುವದ ಕಡೆ ಹೋದಷ್ಟೂ ನಿಧಾನ. ಹಾಗಾಗಿ ಬೆಂಗಳೂರಲ್ಲಿ ಬೇಗ ಮುಗಿದಿದ್ದು ನಾರ್ವೆಯಲ್ಲಿ ಅಷ್ಟು ಬೇಗ ಮುಗೀಲಿಲ್ಲ ಅಂದ್ರೆ ಆಡ್-ಆನ್ ಮಾಡಿದವರು ಮನಸಿಟ್ಟು ಕೆಲ್ಸ ಮಾಡಿದ್ದಾರೆ ಅಂತ ಅರ್ಥ.

ಈಗ ಟ್ಯಾಕ್ಸಿ. ಇಲ್ಲಿ ಯಾರು ಏನು ಮಾಡ್ತಾರೆ ಅಂತ ಗೊತ್ತಿರಬೇಕು. ನಾವು ದುಡ್ಡು ಕೊಟ್ಟು ತಗೊಳ್ಳೋದು ಪೂರ್ತಿ ವಿಮಾನ ಅಂತ ಅನ್ಸುತ್ತೆ, ಹಾಗಲ್ಲ. ಗಾಳಿ, ನೆಲ, ಚಕ್ರ, ಗುರುತ್ವಾಕರ್ಷಣೆ ಇವೆಲ್ಲ ಸಿಮ್ ಕೊಡೋದು, ಆಡ್-ಆನ್‌ನವರು ಕಾಕ್‌ಪಿಟ್, ಸಿಸ್ಟಮ್‌ಗಳು, ಆಟೊಪೈಲಟ್ ಮಾಡಿ ಅದರ ಮೇಲೆ ಕೂರಿಸ್ತಾರೆ. ಬಾಡಿಗೆ ಮನೆಗೆ ಒಳ್ಳೆ ಫರ್ನಿಚರ್ ಹಾಕ್ಬಹುದು, ಅಡಿಪಾಯ ನಮ್ದಲ್ಲ. ಸಿಮ್‌ಗೆ ಚಕ್ರ ಅಂದ್ರೆ ರಬ್ಬರ್ ಟೈರ್ ಅಲ್ಲ, ಕಾಂಟ್ಯಾಕ್ಟ್ ಪಾಯಿಂಟ್ ಅನ್ನೋ ಒಂದು ಬಿಂದು, ಅದಕ್ಕೊಂದು ಸ್ಪ್ರಿಂಗ್, ಅದು ಎಷ್ಟು ಕುಗ್ಗುತ್ತೆ, ಎಷ್ಟು ಬೇಗ ಸಮಾಧಾನ ಆಗುತ್ತೆ ಅನ್ನೋ ಕೆಲವು ಸಂಖ್ಯೆ, ಅಷ್ಟೇ. ಆ ಸಂಖ್ಯೆಗಳು ಒಂದಕ್ಕೊಂದು ಹೊಂದದೇ ಇದ್ರೆ ನಿಂತಲ್ಲೇ ವಿಮಾನ ನಡುಗುತ್ತೆ, ಲೋಡ್ ಆದ ತಕ್ಷಣ ಒಂದ್ಸಲ ಮೇಲಕ್ಕೆ ಹಾರಿ ಕೂರುತ್ತೆ. 2006ರಲ್ಲಿ ಬಂದ ಮೈಕ್ರೋಸಾಫ್ಟ್ ಸಿಮ್ ಎಫ್‌ಎಸ್‌ಎಕ್ಸ್ ಕಾಲದಿಂದ್ಲೂ ಇರೋ ದೊಡ್ಡ ದೂರು ಏನಂದ್ರೆ ನೆಲ ಅಂಟಂಟು ಅಂತ, ನಿಜವಾದ ಜೆಟ್ ಒಂದ್ಸಲ ಚಲಿಸೋಕೆ ಶುರುವಾದ್ರೆ ಐಡಲ್ ಪವರ್‌ನಲ್ಲೇ (ಎಂಜಿನ್‌ನ ಅತಿ ಕಡಿಮೆ ಪವರ್) ಉರುಳ್ತಾ ಇರುತ್ತೆ, ಪೈಲಟ್ ಆಗಾಗ ಬ್ರೇಕ್ ಹಾಕ್ಬೇಕಾಗುತ್ತೆ, ಸಿಮ್‌ನಲ್ಲಿ ಮಾತ್ರ ಪವರ್ ತಗ್ಗಿಸಿದ ಕೂಡ್ಲೇ ಕೆಸರಲ್ಲಿ ಎತ್ತಿನಗಾಡಿ ಸಿಕ್ಕಿಹಾಕ್ಕೊಂಡ ಹಾಗೆ ನಿಂತುಬಿಡುತ್ತೆ. ಕೆಲವರು ಇದನ್ನ ಸರಿಮಾಡೋಕೆ ಐಡಲ್ ಥ್ರಸ್ಟ್‌ನೇ (ಆಗ ಎಂಜಿನ್ ತಳ್ಳೋ ಬಲ) ಸ್ವಲ್ಪ ಜಾಸ್ತಿ ಇಟ್ಟುಬಿಡ್ತಾರೆ. ನೆಲದ ಮೇಲೆ ಸರಿಹೋಯ್ತು, ಆದ್ರೆ ಅದೇ ಜಾಸ್ತಿ ಥ್ರಸ್ಟ್ ಇಟ್ಕೊಂಡು 30 ಸಾವಿರ ಅಡಿಯಿಂದ ಇಳಿಯೋಕೆ ಹೋದ್ರೆ ವಿಮಾನ ಇಳಿಯೋದೇ ಇಲ್ಲ, ಸ್ಪೀಡ್‌ಬ್ರೇಕ್ (ಗಾಳಿ ತಡೆಯೋ ರೆಕ್ಕೆ ಮೇಲಿನ ಫಲಕ) ಎಳ್ಕೊಂಡೇ ಬರಬೇಕು.

ಈ ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಬಯಲಾಗೋದು ಇದ್ಯಲ್ಲ, ಹಾರೋ ರೀತಿಯ ತಪ್ಪುಗಳ ಬೇರು ಇದೇ. ಕಂಬಳಿ ಚಿಕ್ಕದು, ತಲೆಗೆಳೆದ್ರೆ ಕಾಲಿಗಿಲ್ಲ, ಕಾಲಿಗೆಳೆದ್ರೆ ತಲೆಗಿಲ್ಲ. ವಿಮಾನ ಕಂಪನಿಗಳು ತಮ್ಮ ಏರೋಡೈನಮಿಕ್ ಡೇಟಾ ಸುಮ್ನೆ ಕೊಡಲ್ಲ, ಏರ್‌ಲೈನ್ ತರಬೇತಿಯ ದೊಡ್ಡ ಸಿಮ್ಯುಲೇಟರ್ ಮಾಡೋರು ಅದಕ್ಕೆ ಭಾರಿ ದುಡ್ಡು ಕೊಟ್ಟು ತಗೊಳ್ತಾರೆ. ಮನೆ ಸಿಮ್‌ಗೆ ಮಾಡೋರ ಹತ್ರ ಇರೋದು ಪೈಲಟ್ ಮ್ಯಾನ್ಯುಯಲ್‌ನ ಕೋಷ್ಟಕಗಳು, ಇಷ್ಟು ತೂಕಕ್ಕೆ ಇಷ್ಟು ಎತ್ತರದಲ್ಲಿ ಇಷ್ಟು ಇಂಧನ, ಇಷ್ಟು ಸ್ಪೀಡು ಅಂತ. ಆ ಬಿಂದುಗಳಿಗೆ ಹೊಂದಿಸ್ತಾರೆ, ಕ್ರೂಸ್, ಅಂದ್ರೆ ಮೇಲೆ ಒಂದೇ ಸಮ ಹಾರೋದು, ಪಕ್ಕಾ ಇರುತ್ತೆ. ಎರಡು ಬಿಂದುಗಳ ನಡುವೆ ಏನಾಗುತ್ತೆ ಅನ್ನೋದು ಅವರ ಅಂದಾಜು, ನಿಜವಾಗ್ಲೂ ಆ ವಿಮಾನ ಹಾರಿಸಿದ ಪೈಲಟ್ ಜೊತೆಲಿ ಕೂತು ಹೇಳಿದ್ರೆ ಅಂದಾಜು ಚೆನ್ನಾಗಿರುತ್ತೆ, ಇಲ್ಲಾಂದ್ರೆ ಇಲ್ಲ. ಅದಕ್ಕೇ ಆಡ್-ಆನ್ ಪರೀಕ್ಷೆ ಮಾಡೋರಿಗೆ ನಾನು ಹೇಳೋದು, ಕ್ರೂಸ್‌ನಲ್ಲಿ ನೋಡಬೇಡಿ, ಐಡಲ್‌ನಲ್ಲಿ ಇಳಿಯುವಾಗ ನೋಡಿ, ಫ್ಲ್ಯಾಪ್ (ರೆಕ್ಕೆ ಹಿಂಬದಿಯ ಇಳಿಸೋ ಫಲಕ) ಬದಲಾಯಿಸುವಾಗ ನೋಡಿ.

ಟರ್ಬೊಪ್ರಾಪ್‌ಗಳಲ್ಲಿ, ಅಂದ್ರೆ ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲ್ಲರ್ ತಿರುಗೋ ವಿಮಾನಗಳಲ್ಲಿ, ಇದು ಇನ್ನೂ ಕಷ್ಟ. ಪಿಟಿ6ನಂಥ ಎಂಜಿನ್ನಲ್ಲಿ ಕಂಪ್ರೆಸರ್‌ಗೂ ಪ್ರೊಪೆಲ್ಲರ್‌ಗೂ ನಡುವೆ ನೇರ ಕೊಂಡಿನೇ ಇಲ್ಲ, ಬಿಸಿಗಾಳಿ ಹೊರಗೆ ಹೋಗ್ತಾ ಬೇರೊಂದು ಟರ್ಬೈನ್ ತಿರುಗಿಸುತ್ತೆ, ಆ ಟರ್ಬೈನ್ ಪ್ರೊಪೆಲ್ಲರ್ ತಿರುಗಿಸುತ್ತೆ. ನಿಜದಲ್ಲಿ ಪವರ್ ಪೂರ್ತಿ ಹಿಂದಕ್ಕೆ ಎಳೆದ್ರೆ ಬ್ಲೇಡ್‌ಗಳು ಚಪ್ಪಟೆಯಾಗಿ ಗಾಳಿಗೆ ಗೋಡೆ ಕಟ್ಟಿದ ಹಾಗಾಗಿ ವಿಮಾನ ಗಬಕ್ಕನೆ ನಿಧಾನ ಆಗುತ್ತೆ. ಸಿಮ್‌ಗಳಲ್ಲಿ ಆ ಗೋಡೆ ತುಂಬ ತೆಳ್ಳಗೆ. ನಾನು ತಗೊಂಡಿದ್ದ ಒಂದು ಟರ್ಬೊಪ್ರಾಪ್ ರನ್‌ವೇ ಮೇಲೆ ತೇಲ್ತಾ ತೇಲ್ತಾ ಅರ್ಧ ದಾರಿ ಹೋಗ್ತಿತ್ತು, ನೆಲಕ್ಕಿಳಿದ ಮೇಲೂ ಐಡಲ್‌ನಲ್ಲೇ ಓಡ್ತಿತ್ತು, ಆ ವಿಮಾನದ ಕಾಕ್‌ಪಿಟ್ ಎಷ್ಟು ಪ್ರೀತಿಯಿಂದ ಮಾಡಿದ್ರು ಅಂದ್ರೆ ಸ್ಕ್ರೂ ಮೇಲಿನ ಗೀರು ಕೂಡ ಕಾಣ್ತಿತ್ತು, ಅದಕ್ಕೇ ನನಗೆ ಇನ್ನೂ ಬೇಜಾರಾಗಿದ್ದು.

ಸ್ಟಾಲ್, ಅಂದ್ರೆ ರೆಕ್ಕೆ ಎತ್ತೋ ಬಲ ಕಳ್ಕೊಳೋದು, ಅದರ ಬಗ್ಗೆ ಒಂದು ಮಾತು, ಇದು ತಮಾಷೆ ವಿಷ್ಯ ಅಲ್ಲ. ಏರ್‌ಲೈನ್‌ಗಳ ಕೋಟಿಗಟ್ಲೆ ಬೆಲೆಯ ಸಿಮ್ಯುಲೇಟರ್‌ಗಳಲ್ಲೂ ಪೂರ್ತಿ ಸ್ಟಾಲ್ ಆದ ಮೇಲೆ ವಿಮಾನ ಹೇಗೆ ನಡ್ಕೊಳುತ್ತೆ ಅನ್ನೋ ಮಾಡೆಲ್ ಬಹಳ ವರ್ಷ ಚೆನ್ನಾಗಿರಲಿಲ್ಲ, 2009ರಲ್ಲಿ ಅಮೆರಿಕದ ಬಫಲೋ ಹತ್ರ ನಡೆದ ಅಪಘಾತ ಆದ್ಮೇಲೆ ನಿಯಮ ಬದಲಾಗಿ, 2019ರಿಂದ ಅಲ್ಲಿನ ಏರ್‌ಲೈನ್ ಪೈಲಟ್‌ಗಳಿಗೆ ಫುಲ್ ಸ್ಟಾಲ್ ತರಬೇತಿ ಕಡ್ಡಾಯ ಆಯ್ತು, ಅದಕ್ಕೋಸ್ಕರ ಸಿಮ್ಯುಲೇಟರ್‌ಗಳ ಮಾಡೆಲ್‌ನೇ ವಿಸ್ತರಿಸಬೇಕಾಯ್ತು. ಹಂಗಿದ್ಮೇಲೆ ಮನೆ ಸಿಮ್‌ನ ಆಡ್-ಆನ್ ಅದನ್ನ ಸರಿಯಾಗಿ ತೋರಿಸುತ್ತೆ ಅಂತ ನಂಬೋದು ಬೇಡ. ಪಿಪಿಎಲ್‌ಗೆ (ಖಾಸಗಿ ಪೈಲಟ್ ಲೈಸೆನ್ಸ್) ಓದ್ತಿರೋ ಹುಡುಗ ಹುಡುಗೀರು ಯಾರಾದ್ರೂ ಇದನ್ನ ಓದ್ತಿದ್ರೆ, ಚೆಕ್‌ಲಿಸ್ಟ್, ರೇಡಿಯೋ, ಉಪಕರಣ ಓದೋದು ಇವೆಲ್ಲ ಮನೇಲಿ ಧಾರಾಳವಾಗಿ ಕಲೀರಿ, ಸ್ಟಾಲ್ ಮತ್ತು ಸ್ಪಿನ್ (ಸ್ಟಾಲ್ ಆಗಿ ಗಿರಗಿರ ತಿರುಗ್ತಾ ಬೀಳೋದು) ಹೇಗಿರುತ್ತೆ ಅನ್ನೋದನ್ನ ಮಾತ್ರ ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ನಿಜವಾದ ವಿಮಾನದಲ್ಲೇ ಕಲೀರಿ.

ಇನ್ನು ನಿಮ್ಮ ಮೂರನೇ ದೂರು, ಓಲಾಟ. ಕೆಲವೊಂದು ಏರ್‌ಪೋರ್ಟ್ ಹತ್ರ ಅಂತ ನೀವೇ ಬರ್ದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಆಡ್-ಆನ್‌ನ ಆಟೊಪೈಲಟ್ ಮಾಡೋ ಕೆಲ್ಸ ಏನಂದ್ರೆ, ವಿಮಾನ ಈಗ ಎಷ್ಟು ವಾಲಿದೆ ಅಂತ ಸಿಮ್‌ನ ಕೇಳೋದು, ಎಷ್ಟು ಸರಿಮಾಡ್ಬೇಕು ಅಂತ ಲೆಕ್ಕ ಹಾಕೋದು, ರೆಕ್ಕೆ ಬಾಲದ ಫಲಕಗಳನ್ನ ಅಷ್ಟು ಸರಿಸು ಅಂತ ಸಿಮ್‌ಗೆ ವಾಪಸ್ ಹೇಳೋದು, ಮತ್ತೆ ಕೇಳೋದು. ಎ320ಯಲ್ಲಂತೂ ನೀವು ಕೈಯಲ್ಲಿ ಹಾರಿಸುವಾಗ್ಲೂ ಈ ಸುತ್ತು ನಡೀತಾನೇ ಇರುತ್ತೆ. ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಸಿಮ್ ತೋರಿಸೋ ಚಿತ್ರಗಳ ಸಂಖ್ಯೆ, 20ಕ್ಕೆ ಇಳಿದ್ರೆ ಎರಡು ಫ್ರೇಮ್ ನಡುವೆ 50 ಮಿಲಿಸೆಕೆಂಡ್, ದೊಡ್ಡ ಏರ್‌ಪೋರ್ಟ್ ಸೀನರಿ (ಕಟ್ಟಡ, ರನ್‌ವೇಗಳ ಚಿತ್ರಣ) ಲೋಡ್ ಆಗುವಾಗ ಅರ್ಧ ಸೆಕೆಂಡ್ ತಡೆದ್ರೆ ಅಷ್ಟು ಹೊತ್ತು ಆಟೊಪೈಲಟ್ ಕಣ್ಣು ಮುಚ್ಕೊಂಡಿರುತ್ತೆ, ಕಣ್ಣು ಬಿಟ್ಟಾಗ ವಿಮಾನ ಆಗ್ಲೇ ವಾಲಿರುತ್ತೆ, ಗಾಬರಿಯಾಗಿ ಜಾಸ್ತಿ ತಿರುಗಿಸುತ್ತೆ, ಮತ್ತೆ ಆ ಕಡೆ, ಮತ್ತೆ ಈ ಕಡೆ. ಕೆಲವು ಆಡ್-ಆನ್‌ಗಳ ಸಿಸ್ಟಮ್ ಸಿಮ್‌ನಿಂದ ಹೊರಗೆ ಬೇರೇನೇ ಪ್ರೋಗ್ರಾಮ್ ಆಗಿ ಓಡುತ್ತೆ, ಅಲ್ಲಿ ಮಾತುಕತೆ ಇನ್ನೂ ಒಂದು ಹೆಜ್ಜೆ ದೂರ. ಟೈಮ್ ಆಕ್ಸಲರೇಷನ್ (ಸಿಮ್‌ನ ಸಮಯ ಬೇಗ ಓಡಿಸೋದು) 4 ಪಟ್ಟು ಹಾಕಿದಾಗ ವಿಮಾನ ದಾರಿಯ ಎರಡೂ ಕಡೆ ಹಾವಿನ ಥರ ಹೋಗೋದಕ್ಕೂ ಇದೇ ಕಾರಣ. ಎಕ್ಸ್-ಪ್ಲೇನ್ ಅನ್ನೋ ಇನ್ನೊಂದು ಸಿಮ್‌ನವರು ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ, ಫ್ರೇಮ್ ರೇಟ್ 20ರ ಆಸುಪಾಸಿಗಿಂತ ಕೆಳಗೆ ಹೋದ್ರೆ ಸಿಮ್‌ನ ಗಡಿಯಾರವನ್ನೇ ನಿಧಾನ ಮಾಡುತ್ತೆ, ವಿಮಾನ ಓಲಾಡಲ್ಲ ಆದ್ರೆ ಒಂದು ಗಂಟೆ ದಾರಿ ಒಂದೂಕಾಲು ಗಂಟೆ ಆಗ್ಬಹುದು.

ಓಲಾಟದ ಪಕ್ಕದಲ್ಲೇ ಇನ್ನೊಂದು ಇದೆ, ವಿಮಾನ ಸ್ಥಿರವಾಗಿ ಹಾರ್ತಾ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗೋದು. ನಮ್ಮ ದೇವನಹಳ್ಳಿನೇ ಒಳ್ಳೆ ಉದಾಹರಣೆ. ಎಫ್‌ಎಸ್‌ಎಕ್ಸ್ ಬಂದಿದ್ದು 2006ರಲ್ಲಿ, ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಿದ್ದು 2008ರ ಮೇನಲ್ಲಿ, ಹಾಗಾಗಿ ಆ ಸಿಮ್‌ನಲ್ಲಿ ಬೆಂಗಳೂರು ಅಂದ್ರೆ ಎಚ್‌ಎಎಲ್ ಏರ್‌ಪೋರ್ಟೇ. ಆಮೇಲೆ ದೇವನಹಳ್ಳಿಯಲ್ಲಿ 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು, ಬರೀ 09/27 (ರನ್‌ವೇ ದಿಕ್ಕಿನ ಸಂಖ್ಯೆ) ಆಗಿದ್ದಿದ್ದು 09ಎಲ್ (ಎಡ), 09ಆರ್ (ಬಲ) ಅಂತ ಎರಡಾಯ್ತು. ನ್ಯಾವಿಗೇಷನ್ ಡೇಟಾ 28 ದಿನಕ್ಕೊಂದು ಸಲ ಹೊಸದಾಗಿ ಬರುತ್ತೆ, ಆಡ್-ಆನ್ ತನ್ನದೇ ಡೇಟಾ ಇಟ್ಕೊಂಡಿರುತ್ತೆ, ಸಿಮ್ ತನ್ನದು ಬೇರೆ, ಸೀನರಿ ಮಾಡಿದವರದ್ದು ಇನ್ನೊಂದು. ಹೊಸ ಡೇಟಾ ಹಾಕಿರೋ ವಿಮಾನದಲ್ಲಿ 09ಆರ್ ಆಯ್ಕೆ ಮಾಡಿ ಹಳೇ ಸೀನರಿಗೆ ಹೋದ್ರೆ ಅದು ಬರೀ ಮಣ್ಣಿನ ಮೇಲೆ ನೀಟಾಗಿ ಇಳಿಸೋಕೆ ಹೋಗುತ್ತೆ. ವಿಮಾನದ್ದು ಇಲ್ಲಿ ಏನೂ ತಪ್ಪಿಲ್ಲ.

ನಿಮ್ಮ ಸೆಟಪ್ ಬಗ್ಗೆ ನೀವೇ ಕೇಳಿದ್ರಿ, ಅದನ್ನೂ ಹೇಳ್ತೀನಿ. ನನ್ನ ವಿಮಾನದ ಥ್ರಾಟಲ್ ಹಾರಾಟದ ಮಧ್ಯೆ ಒಂದೊಂದ್ಸಲ ಸೊನ್ನೆಗೆ ಬೀಳ್ತಿತ್ತು, ಎರಡು ವಾರ ಆಡ್-ಆನ್ ಮೇಲೆ ಅನುಮಾನ ಪಟ್ಟೆ, ಕೊನೆಗೆ ನೋಡಿದ್ರೆ ಡ್ರಾಯರ್‌ನಲ್ಲಿ ಪ್ಲಗ್ ಹಾಕೇ ಇಟ್ಟಿದ್ದ ಗೇಮ್ ಕಂಟ್ರೋಲರ್‌ಗೂ ಸಿಮ್ ತಾನಾಗೇ ಥ್ರಾಟಲ್ ಕೊಟ್ಟಿತ್ತು. ಹೊಸ ಡಿವೈಸ್ ಸಿಕ್ಕಿಸಿದ ತಕ್ಷಣ ಸಿಮ್ ಹಿಂಗೆ ಮಾಡುತ್ತೆ, ಹಾಗಾಗಿ ಎಲ್ಲಾ ಡಿವೈಸ್‌ಗಳ ಪಟ್ಟಿ ತೆಗೆದು ಒಂದೇ ಕೆಲ್ಸಕ್ಕೆ ಎರಡು ಕಡೆ ಇದ್ಯಾ ನೋಡ್ಬೇಕು. ಎ320ಯಾದ್ರೆ ಥ್ರಸ್ಟ್ ಲಿವರ್‌ನ ಕ್ಲೈಂಬ್, ಫ್ಲೆಕ್ಸ್, ಟೋಗಾ ಅನ್ನೋ ಹಳ್ಳಗಳನ್ನ (ಲಿವರ್ ಕೂರೋ ಪವರ್ ಹಂತಗಳು) ಆಡ್-ಆನ್‌ನ ಕಾಕ್‌ಪಿಟ್‌ನಲ್ಲಿರೋ ಟ್ಯಾಬ್ಲೆಟ್‌ನಲ್ಲಿ ಕ್ಯಾಲಿಬ್ರೇಟ್ ಮಾಡ್ಲೇಬೇಕು, ಇಲ್ಲಾಂದ್ರೆ ಆಟೊಥ್ರಸ್ಟ್ (ಪವರ್ ತಾನಾಗೇ ಹೊಂದಿಸೋ ವ್ಯವಸ್ಥೆ) ತನ್ನಿಷ್ಟಕ್ಕೆ ಬಂದಂಗೆ ಆಡುತ್ತೆ. ಇಂಧನ, ಪ್ರಯಾಣಿಕರನ್ನ ಸಿಮ್‌ನ ಮೆನುವಿನಿಂದ ತುಂಬಬೇಡಿ, ಅದೂ ಟ್ಯಾಬ್ಲೆಟ್‌ನಿಂದಲೇ, ಯಾಕಂದ್ರೆ ಸಿಮ್ ತುಂಬಿಸಿದ್ದು ಎಷ್ಟೋ ಸಲ ಆಡ್-ಆನ್‌ಗೆ ಗೊತ್ತೇ ಆಗಲ್ಲ, ಬಾಲ ಭಾರ ಆಗಿ ಟೇಕಾಫ್‌ನಲ್ಲಿ ಮೂಗು ತಾನಾಗೇ ಏಳುತ್ತೆ. ಸಿಮ್‌ನ ಅಸಿಸ್ಟೆನ್ಸ್ ಆಯ್ಕೆಗಳನ್ನೂ ಆಫ್ ಮಾಡಿ, ಅದರಲ್ಲಿ ಆಟೊ ರಡ್ಡರ್ ನಿಮಗೆ ಗೊತ್ತಿಲ್ಲದೇ ಪೆಡಲ್ ಒತ್ತುತ್ತಾ ಇರುತ್ತೆ.

ಈಗ ನಿಮ್ಮ ಓಲಾಟಕ್ಕೆ ಮೊದ್ಲು ಮಾಡ್ಬೇಕಾದ್ದು ಇಷ್ಟು. ಕಮ್ಯುನಿಟಿ ಫೋಲ್ಡರ್‌ನಲ್ಲಿ (ಆಡ್-ಆನ್‌ಗಳನ್ನ ಹಾಕೋ ಫೋಲ್ಡರ್) ಆ ವಿಮಾನ ಒಂದನ್ನ ಬಿಟ್ಟು ಎಲ್ಲಾ ಬೇರೆ ಕಡೆ ಎತ್ತಿಡಿ, ಫ್ರೇಮ್ ರೇಟ್ 30ಕ್ಕೆ ಲಾಕ್ ಮಾಡಿ, ಗಾಳಿ ಇಲ್ಲದ ಶುಭ್ರ ಹವೆ ಹಾಕಿ, ಸಣ್ಣ ಏರ್‌ಪೋರ್ಟ್ ಒಂದರಿಂದ ಹಾರಿ ಅದೇ ಆಟೊಪೈಲಟ್ ಹಾಕಿ ನೋಡಿ. ಓಲಾಟ ನಿಂತುಹೋದ್ರೆ ಕಾರಣ ಸೀನರಿ ಭಾರ ಅಥವಾ ಬೇರೆ ಆಡ್-ಆನ್, ಒಂದೊಂದೇ ವಾಪಸ್ ಹಾಕ್ತಾ ಹೋದ್ರೆ ಸಿಕ್ಕಿಬೀಳುತ್ತೆ. ಅಲ್ಲೂ ಓಲಾಡಿದ್ರೆ ಆಗ ಅದು ನಿಜವಾದ ಬಗ್ ಇರ್ಬಹುದು, ತಯಾರಕರಿಗೆ ಬರೀರಿ, ಆದ್ರೆ ವಿಮಾನ ಸರಿಯಿಲ್ಲ ಅಂತ ಮಾತ್ರ ಬರೆದ್ರೆ ಅವರಿಗೂ ಏನೂ ಮಾಡೋಕಾಗಲ್ಲ. ತೂಕ ಎಷ್ಟು, ಎತ್ತರ ಎಷ್ಟು, ಸ್ಪೀಡ್ ಎಷ್ಟು, ಫ್ಲ್ಯಾಪ್ ಎಲ್ಲಿತ್ತು, ಫ್ರೇಮ್ ರೇಟ್ ಎಷ್ಟಿತ್ತು, ಸಿಮ್‌ನ ಯಾವ ವರ್ಷನ್ ಅಂತ ಸಂಖ್ಯೆ ಸಮೇತ ಬರೆದು ಅರ್ಧ ನಿಮಿಷದ ವೀಡಿಯೋ ಜೊತೆಗೆ ಕಳ್ಸಿ.