ಅಧ್ಯಯನ ಟಿಪ್ಪಣಿ: ನಾಯಿಯ ಚರ್ಮಕ್ಕೆ, ರೋಮಕ್ಕೆ ಯಾವ ಎಣ್ಣೆ, ಎಷ್ಟು?

ಮುಂಬೈಯಲ್ಲಿ ಪಶುವೈದ್ಯರ ಬಳಿ ಸಹಾಯಕರಾಗಿ ಕೆಲಸ ಕಲಿಯುತ್ತಿರುವ ನಮ್ಮಂಥವರನ್ನು ನಾಯಿ ಸಾಕಿದವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೆಂದರೆ, ರೋಮಕ್ಕೆ ಹೊಳಪಿಲ್ಲ, ಯಾವ ಎಣ್ಣೆ ಕೊಡಲಿ ಎಂಬುದು. ಅಂಗಡಿಯ ಕಪಾಟಿನಲ್ಲಿರುವ ಸಾಲ್ಮನ್ ಮೀನಿನ ಎಣ್ಣೆಯ ಬಾಟಲಿಯನ್ನು ತೋರಿಸಿಬಿಡುವುದು ಸುಲಭ. ಆದರೆ ಆ ನಾಯಿ ದಿನವೂ ಏನು ತಿನ್ನುತ್ತಿದೆ, ಅದರಲ್ಲಿ ಯಾವ ಕೊಬ್ಬಿನಾಮ್ಲ ಕಡಿಮೆಯಾಗಿದೆ ಎಂಬುದನ್ನು ವಿಚಾರಿಸಿದ ಮೇಲೆಯೇ ಎಣ್ಣೆಯ ಹೆಸರು ಹೇಳಬೇಕು.

ದೇಹ ತಾನೇ ತಯಾರಿಸಿಕೊಳ್ಳಲಾರದ, ಆಹಾರದಿಂದಲೇ ಬರಬೇಕಾದ ಕೊಬ್ಬಿನಾಮ್ಲಗಳನ್ನು ಅವಶ್ಯಕ ಕೊಬ್ಬಿನಾಮ್ಲಗಳೆನ್ನುತ್ತೇವೆ. ಇಂಥವು ಇವೆಯೆಂಬುದನ್ನು ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಕೊಬ್ಬು ತೆಗೆದ ಆಹಾರ ತಿಂದ ಇಲಿಗಳ ಚರ್ಮ ಹೊಟ್ಟೆದ್ದಿತು, ಬೆಳವಣಿಗೆ ಕುಂಠಿತವಾಯಿತು. ಚರ್ಮದ ಮಟ್ಟಿಗೆ ಇವುಗಳಲ್ಲಿ ಮೊದಲು ನೋಡಬೇಕಾದದ್ದು ಒಮೆಗಾ-6 ಗುಂಪಿನ ಲಿನೋಲಿಕ್ ಆಮ್ಲ. ಅದು ಹೊರಚರ್ಮದ ಮೇಲ್ಪದರದಲ್ಲಿರುವ ಸೆರಮೈಡ್ ಎಂಬ ಕೊಬ್ಬಿನ ಅಣುಗಳಲ್ಲಿ ಸೇರಿಕೊಂಡು, ಇಟ್ಟಿಗೆಗಳ ನಡುವಿನ ಗಾರೆಯಂತೆ, ದೇಹದ ನೀರು ಆವಿಯಾಗಿ ಹೋಗದ ಹಾಗೆ ತಡೆಯುತ್ತದೆ. ಅದು ಸಾಲದ ನಾಯಿಯಲ್ಲಿ ಮೊದಲು ರೋಮ ಮಂಕಾಗಿ ಒರಟಾಗುತ್ತದೆ, ಹೊಟ್ಟು ಉದುರುತ್ತದೆ. ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಚರ್ಮ ಜಿಡ್ಡುಗಟ್ಟಿ ಸೋಂಕಿಗೆ ದಾರಿಯಾಗುತ್ತದೆ.

ಒಳ್ಳೆಯ ಸಿದ್ಧ ಆಹಾರ ತಿನ್ನುವ ನಾಯಿಯಲ್ಲಿ ಈ ಕೊರತೆ ಅಪರೂಪ, ಏಕೆಂದರೆ ಪಶು ಆಹಾರದ ಗುಣಮಟ್ಟವನ್ನು ಸೂಚಿಸುವ ಅಮೆರಿಕದ ಆ್ಯಫ್ಕೊ ಸಂಸ್ಥೆಯ ಮಾನದಂಡದಂತೆ ವಯಸ್ಕ ನಾಯಿಯ ಆಹಾರದ ಒಣ ಅಂಶದಲ್ಲಿ ಕನಿಷ್ಠ ಶೇ. 1.1ರಷ್ಟು ಲಿನೋಲಿಕ್ ಆಮ್ಲ ಇರಬೇಕು. ಕೊರತೆಗೆ ಅವಕಾಶವಿರುವುದು ಮನೆಯೂಟದಲ್ಲಿ. ಮಾಟುಂಗಾ, ಡೊಂಬಿವಲಿಗಳಲ್ಲಿರುವ ನಮ್ಮವರ ಸಸ್ಯಾಹಾರಿ ಮನೆಗಳಲ್ಲಿ ನಾಯಿಗೆ ಎರಡು ಹೊತ್ತೂ ಮೊಸರನ್ನ ಹಾಕುವುದುಂಟು. ಮಾಂಸ ಕೊಡುವವರೂ ಚರ್ಮ ಸುಲಿದ ಕೋಳಿಯ ಎದೆಯ ತುಂಡನ್ನಷ್ಟೇ ಬೇಯಿಸಿ ಅನ್ನದೊಡನೆ ಕಲಸುತ್ತಾರೆ. ಅನ್ನದಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಹಾಲಿನ ಕೊಬ್ಬಿನಲ್ಲಿ ಲಿನೋಲಿಕ್ ಆಮ್ಲ ಶೇ. 2–3ರ ಆಸುಪಾಸು, ಕೋಳಿಯಲ್ಲಿ ಇದ್ದದ್ದು ಚರ್ಮದ ಜೊತೆಗೇ ಹೋಗಿರುತ್ತದೆ. ಇಂಥ ನಾಯಿಗೆ ದುಬಾರಿ ಮೀನೆಣ್ಣೆಗಿಂತ ಅಡುಗೆಯ ಕುಸುಬೆ ಎಣ್ಣೆಯೇ ಹೆಚ್ಚು ಉಪಕಾರಿ ಎಂದು ನಾನು ದೃಢವಾಗಿ ನಂಬುತ್ತೇನೆ. ಇಲ್ಲಿನ ಕಿರಾಣಿ ಅಂಗಡಿಯವರು ಮರಾಠಿಯಲ್ಲಿ ಕರಡಈ ಎಂದು ಮಾರುವ ಈ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲವೇ ಇರುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಸುಮಾರು ಶೇ. 60, ಶೇಂಗಾ ಎಣ್ಣೆಯಲ್ಲಿ ಶೇ. 30ರಷ್ಟು. 10 ಕಿಲೊ ತೂಕದ ನಾಯಿಗೆ ದಿನಕ್ಕೆ ಒಂದು ಚಹಾ ಚಮಚ ಸಾಕು, ಅದನ್ನೂ ಅರ್ಧ ಚಮಚದಿಂದ ಆರಂಭಿಸಬೇಕು. ಒಂದು ಚಮಚ ಎಣ್ಣೆಯೆಂದರೆ ಸುಮಾರು 40 ಕಿಲೊಕ್ಯಾಲೊರಿ. ಆ ಗಾತ್ರದ ನಾಯಿಯ ದಿನದ ಅಗತ್ಯವೇ 600ರ ಸುತ್ತಮುತ್ತ ಇರುವುದರಿಂದ, ಅಷ್ಟು ಅನ್ನವನ್ನು ಕಡಿಮೆ ಮಾಡದಿದ್ದರೆ ನಾಯಿ ದಪ್ಪವಾಗುತ್ತದೆ.

ಕರಾವಳಿಯಿಂದ ಬಂದವರು ತೆಂಗಿನೆಣ್ಣೆಯನ್ನು ಕೇಳುತ್ತಾರೆ. ಅದರ ಕೊಬ್ಬಿನಲ್ಲಿ ಸುಮಾರು ಶೇ. 90 ಪರ್ಯಾಪ್ತ ಕೊಬ್ಬು, ಲಿನೋಲಿಕ್ ಆಮ್ಲ ಶೇ. 2ರಷ್ಟು ಮಾತ್ರ. ಈ ಕೊರತೆಯನ್ನು ಅದು ತುಂಬಲಾರದು.

ಅಲರ್ಜಿಯಿಂದ ತುರಿಸಿಕೊಳ್ಳುವ ನಾಯಿಯ ಮಾತು ಬೇರೆ. ಅಲ್ಲಿ ಬೇಕಾದದ್ದು ಮೀನೆಣ್ಣೆಯಲ್ಲಿರುವ, ಒಮೆಗಾ-3 ಗುಂಪಿನ ಇಪಿಎ ಮತ್ತು ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳು. ಚರ್ಮದ ಜೀವಕೋಶಗಳ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲವೆಂಬ ಒಮೆಗಾ-6 ಕೊಬ್ಬಿನಾಮ್ಲದಿಂದ ಉರಿಯೂತವನ್ನು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್‌ಗಳೂ ಲ್ಯೂಕೋಟ್ರೈನ್‌ಗಳೂ ತಯಾರಾಗುತ್ತವೆ. ಅದರಂತೆಯೇ 20 ಇಂಗಾಲಗಳ ಸರಪಳಿಯಿರುವ ಇಪಿಎ ಅದೇ ಕಿಣ್ವಗಳಿಗಾಗಿ ಪೈಪೋಟಿ ನಡೆಸುತ್ತದೆ, ಮತ್ತು ಇಪಿಎಯಿಂದ ಹುಟ್ಟುವ ವಸ್ತುಗಳು ಬಹಳ ಸೌಮ್ಯವಾಗಿರುತ್ತವೆ. ಅಗಸೆ ಎಣ್ಣೆಯಲ್ಲೂ ಒಮೆಗಾ-3 ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಅರ್ಧಕ್ಕಿಂತ ಹೆಚ್ಚೇ ಇದೆ. ಆದರೆ ಅದು ಆಲ್ಫಾ ಲಿನೋಲೆನಿಕ್ ಆಮ್ಲದ ರೂಪದಲ್ಲಿದ್ದು, ನಾಯಿಯ ದೇಹ ಅದರಲ್ಲಿ ತೀರ ಸ್ವಲ್ಪವನ್ನು ಮಾತ್ರ ಇಪಿಎಯಾಗಿ ಪರಿವರ್ತಿಸಿಕೊಳ್ಳುತ್ತದೆ. ತುರಿಕೆಗೆಂದು ಕೊಡುವುದಾದರೆ ಮೀನೆಣ್ಣೆಯನ್ನೇ ಕೊಡಬೇಕು. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಅಥವಾ ಬಂಗುಡೆಯೂ ಒಳ್ಳೆಯದೇ, ಆದರೆ ಅದರಲ್ಲಿ ಪ್ರಮಾಣವನ್ನು ಅಳೆಯುವುದು ಕಷ್ಟ.

ಪ್ರಮಾಣದ ಲೆಕ್ಕವನ್ನು ಪ್ರತಿಯೊಬ್ಬರೂ ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಅಲರ್ಜಿಯ ಚರ್ಮರೋಗಕ್ಕೆ ಪಶು ಪೋಷಣಾ ಶಾಸ್ತ್ರದಲ್ಲಿ ಸೂಚಿಸಿರುವ ಪ್ರಮಾಣವೆಂದರೆ, ನಾಯಿಯ ತೂಕದ 0.75 ಘಾತವನ್ನು 125 ಮಿ.ಗ್ರಾಂನಿಂದ ಗುಣಿಸಿದಾಗ ಬರುವಷ್ಟು ಇಪಿಎ ಮತ್ತು ಡಿಎಚ್‌ಎ. ತೂಕವನ್ನು ಘನ ಮಾಡಿ ಎರಡು ಸಲ ವರ್ಗಮೂಲ ತೆಗೆದರೆ ಈ ಘಾತ ಸಿಗುತ್ತದೆ. 20 ಕಿಲೊ ನಾಯಿಗೆ 8000ದ ವರ್ಗಮೂಲ 89.4, ಅದರ ವರ್ಗಮೂಲ ಸುಮಾರು 9.46, ಆದ್ದರಿಂದ ದಿನಕ್ಕೆ ಸುಮಾರು 1180 ಮಿ.ಗ್ರಾಂ. ಇಲ್ಲಿ ಎಡವುವವರು ಬಹಳ ಮಂದಿ: ಕ್ಯಾಪ್ಸೂಲಿನ ಮೇಲೆ ದೊಡ್ಡದಾಗಿ ಬರೆದ 1000 ಮಿ.ಗ್ರಾಂ ಒಟ್ಟು ಮೀನೆಣ್ಣೆಯ ತೂಕ, ಅದರೊಳಗೆ ಇಪಿಎ ಸಾಮಾನ್ಯವಾಗಿ 180, ಡಿಎಚ್‌ಎ 120 ಮಿ.ಗ್ರಾಂ ಇರುತ್ತವೆ. ಹಾಗಾಗಿ ಈ ನಾಯಿಗೆ ಬೇಕಾಗುವುದು ಒಂದಲ್ಲ, ನಾಲ್ಕು ಕ್ಯಾಪ್ಸೂಲು. ಇದೇ ಲೆಕ್ಕದಲ್ಲಿ 125ರ ಬದಲು 370 ಇಟ್ಟರೆ ಸುರಕ್ಷಿತ ಗರಿಷ್ಠ ಮಿತಿ ದೊರೆಯುತ್ತದೆ; ಅದನ್ನು ದಾಟಬಾರದು. ಕಾಡ್ ಮೀನಿನ ಯಕೃತ್ತಿನಿಂದ ತೆಗೆದ ಕಾಡ್ ಲಿವರ್ ಎಣ್ಣೆಯನ್ನು ಸಾಮಾನ್ಯ ಮೀನೆಣ್ಣೆಯೆಂದು ಭಾವಿಸಿ ನಾಲ್ಕು ನಾಲ್ಕು ಕೊಡುವುದಂತೂ ಅಪಾಯಕಾರಿ, ಏಕೆಂದರೆ ಅದರಲ್ಲಿರುವ ಎ ಮತ್ತು ಡಿ ಜೀವಸತ್ವಗಳು ದೇಹದಲ್ಲಿ ಸಂಗ್ರಹವಾಗಿ ವಿಷವಾಗಬಲ್ಲವು.

ಮೀನೆಣ್ಣೆ ಗಾಳಿ, ಬೆಳಕು, ಬಿಸಿಗಳಿಂದ ಬೇಗ ಕೆಡುತ್ತದೆ. ಮುಂಬೈಯ ಸೆಕೆಯಲ್ಲಿ ದೊಡ್ಡ ಬಾಟಲಿಗಿಂತ ಚಿಕ್ಕ ಗಾಢಬಣ್ಣದ ಬಾಟಲಿಯನ್ನು ಕೊಂಡು, ತೆರೆದ ಮೇಲೆ ಫ್ರಿಜ್‌ನಲ್ಲಿಡುವಂತೆ ಹೇಳಬೇಕು. ಕಮಟು ವಾಸನೆ ಬಂದರೆ ಚೆಲ್ಲಬೇಕು. ಎಣ್ಣೆ ಹೆಚ್ಚಿದಂತೆ ಇ ಜೀವಸತ್ವದ ಅಗತ್ಯವೂ ಹೆಚ್ಚುವುದರಿಂದ, ಅದನ್ನು ಸೇರಿಸಿರುವ ಎಣ್ಣೆ ಮೇಲು.

ಮಳೆಗಾಲದಲ್ಲಿ ಬರುವ ನಾಯಿಗಳಲ್ಲಿ ಉಣ್ಣಿ, ಚಿಗಟ, ಕಜ್ಜಿ, ಮಲಸೇಜಿಯಾ ಶಿಲೀಂಧ್ರ ಇವುಗಳನ್ನು ವೈದ್ಯರು ಮೊದಲು ಪರೀಕ್ಷಿಸಲಿ. ಇವು ಯಾವುವೂ ಎಣ್ಣೆಯಿಂದ ಗುಣವಾಗುವಂಥವಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಬಂದಿದ್ದ ನಾಯಿಗೆ ವೈದ್ಯರ ಅನುಮತಿಯಿಲ್ಲದೆ ಯಾವ ಎಣ್ಣೆಯನ್ನೂ ಸೂಚಿಸಬಾರದು. ಎಣ್ಣೆ ಆರಂಭಿಸಿದವರಿಗೆ ಫಲ ಕಾಣಲು 8ರಿಂದ 12 ವಾರ ಬೇಕಾಗುತ್ತದೆಂದು ಮೊದಲೇ ತಿಳಿಸಿದರೆ ಅವರು ನಡುವೆ ನಿಲ್ಲಿಸುವುದಿಲ್ಲ. ಮೀನೆಣ್ಣೆ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಲ್ಲದಾದ್ದರಿಂದ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡುವಾಗ ನಾಯಿಗೆ ಅದನ್ನು ಕೊಡುತ್ತಿದ್ದಾರೆಯೇ ಎಂದು ಕೇಳಿ ದಾಖಲೆಯಲ್ಲಿ ಬರೆದಿಡುವುದು ನಮ್ಮ ಕೆಲಸ.